ಗ್ರಂಧಿಗೆ ಅಂಗಡಿಯ ಸಾಮಾನಿನಿಂದ ಮಧ್ಯಯುಗದ ಇಂಗ್ಲೆಂಡಿನ ಮಸಿ: ನನ್ನ ಅನುಭವ

ಇಂಗ್ಲೆಂಡಿನ ಓಕ್ ಮರದ ಗಂಟುಕಾಯಿ, ಅಂದರೆ ಕೀಟ ಮೊಟ್ಟೆಯಿಟ್ಟಲ್ಲಿ ಕಾಯಿಯಂತೆ ಮೂಡುವ ಗಂಟು, ಸಿಗದ ಊರಿನಲ್ಲಿ ಅಲ್ಲಿನ ಮಧ್ಯಯುಗದ ಮಸಿಯನ್ನು ತಯಾರಿಸಲಾಗದೆಂದು ಅಕ್ಷರಕಲೆಯ ಗೆಳೆಯರು ವಾದಿಸಿದ್ದರು. ನಾನು ಬರೆದ ಪುಟ ಒಂದೂವರೆ ವರ್ಷದ ನಂತರವೂ ಕಡುಗಪ್ಪಾಗಿಯೇ ಇರುವುದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಜಮೀನುಗಳ ಲೆಕ್ಕ ಬರೆದ 1086ರ ಡೂಮ್ಸ್‌ಡೇ ಪುಸ್ತಕಕ್ಕೂ ಅಲ್ಲಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾಕ್ಕೂ ಬಳಕೆಯಾದದ್ದು ಗಂಟುಕಾಯಿ ಮತ್ತು ಕಬ್ಬಿಣದ ಮಸಿ. ಗಂಟುಕಾಯಿಗಳಲ್ಲಿ ಸಿರಿಯಾದ ಅಲೆಪ್ಪೊ ಕಡೆಯದೇ ಹೆಚ್ಚು ಸತ್ವದ್ದೆಂದು ಯೂರೋಪಿನವರು ತರಿಸಿಕೊಳ್ಳುತ್ತಿದ್ದರು. ಅದು ನಮ್ಮಲ್ಲಿ ಎಳೆಗೂಸುಗಳಿಗೆ ಬಜೆಯ ಜೊತೆ ತೇಯ್ದು ನೆಕ್ಕಿಸುವ ಮಾಚಿಕಾಯಿಯೇ. ಕಬ್ಬಿಣದ ಅಂಶಕ್ಕೆ ಬೇಕಾದ ಅನ್ನಭೇದಿಯೂ (ಕಬ್ಬಿಣದ ಸಲ್ಫೇಟ್) ಅದೇ ಗ್ರಂಧಿಗೆ ಅಂಗಡಿಯಲ್ಲಿ ದೊರೆಯಿತು. ಎರಡೂ ಸೇರಿ ಇನ್ನೂರು ರೂಪಾಯಿ ದಾಟಿದ ನೆನಪಿಲ್ಲ.

ಸತಾಯಿಸಿದ್ದು ಮಸಿಗೆ ಹದ ಕೊಡಲು ಬೆರೆಸುವ ಗೋಂದು. ಜಾಲಿಯ ಗೋಂದೆಂದು ಒಬ್ಬ ವ್ಯಾಪಾರಿ ಕೊಟ್ಟದ್ದರಲ್ಲಿ ಏನೇನು ಬೆರೆತಿತ್ತೋ, ಎರಡು ಬಾಟಲಿ ಮಸಿ ರಾತ್ರಿ ಕಳೆಯುವಷ್ಟರಲ್ಲಿ ಲೋಳೆಯಾಗಿ ಕುಳಿತಿತು. ಒಳ್ಳೆಯ ಗೋಂದು ಸಿಕ್ಕ ಮೇಲೆ ಮಾಚಿಕಾಯಿ ಮೂರು ಪಾಲು, ಅನ್ನಭೇದಿ ಎರಡಕ್ಕಿಂತ ತುಸು ಕಡಿಮೆ, ಗೋಂದು ಒಂದು ಎಂಬ ಲೆಕ್ಕ ಕೈಗೆ ಕೂತಿತು. ಜಜ್ಜಿದ ಕಾಯಿಯನ್ನು ಮಳೆನೀರಿನಲ್ಲಿ ವಾರದಷ್ಟು ಕಾಲ ನೆನೆಸುತ್ತೇನೆ. ಶೋಧಿಸುವ ಮುಂಚೆ ಅದಕ್ಕೆ ಸೇರಿಸುವ ಇನ್ನೊಂದು ವಸ್ತು ಸದ್ಯ ನನ್ನಲ್ಲೇ ಇರಲಿ. ಗರಿಯ ಲೇಖನಿಯಿಂದ ಇಳಿಯುವಾಗ ತೆಳು ಬೂದಿಯಾಗಿರುವ ಅಕ್ಷರ ಗಾಳಿ ತಾಗಿದಂತೆ ಕಪ್ಪೇರುತ್ತ ಹೋಗುವುದನ್ನು ಕಂಡು, ಮಸಿ ನೀರಾಗಿದೆ ಎಂದು ನಕ್ಕವರೂ ಮಾರನೆಯ ದಿನ ಸುಮ್ಮನಾದರು.

ಹಣ ನುಂಗಿದ್ದು ಕಾಗದದ ಬದಲು ಬರೆಯಲು ಬಳಸುವ ಚರ್ಮ. ಆಮದು ಮಾಡಿಸಿದ ಕರುವಿನ ಚರ್ಮದ ಒಂದು ಹಾಳೆಗೆ ಸುಂಕವೂ ಸೇರಿ ಆರೇಳು ಸಾವಿರವಾಯಿತು. ಆಮೇಲೆ ತಮಟೆಗೆ ಚರ್ಮ ಬಿಗಿಯುವವರೊಬ್ಬರಿಂದ, ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು ಚೌಕಟ್ಟಿನಲ್ಲಿ ಎಳೆದು ಒಣಗಿಸಿದ ಮೇಕೆ ಚರ್ಮವನ್ನು ಎಂಟುನೂರರೊಳಗೆ ಪಡೆದೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ನಡೆದದ್ದು ಕುರಿ ಮತ್ತು ಕರುವಿನ ಚರ್ಮ, ಆದರೆ ಕೆಲಸದ ಕ್ರಮ ಬೇರೆಯಲ್ಲ. ಕೂದಲಿದ್ದ ಬದಿಯಲ್ಲಿ ಜಿಡ್ಡಿನಿಂದಾಗಿ ಮಸಿ ಹನಿಗಟ್ಟಿ ಜಾರಿತು. ನೊರೆಗಲ್ಲಿನಿಂದ ಉಜ್ಜಿ, ಸೀಮೆಸುಣ್ಣದ ಪುಡಿ ತಿಕ್ಕಿ, ಕೊಡವಿ, ಮತ್ತೆ ತಿಕ್ಕಿದ ಬಳಿಕವೇ ಗೆರೆ ಹರಿತವಾಗಿ ನಿಂತಿತು. ಬಾತಿನ ಎಡರೆಕ್ಕೆಯ ಗರಿಗಳೇ ಬಲಗೈಗೆ ಒಗ್ಗುತ್ತವೆ. ಅವು ಗಟ್ಟಿಯಾಗಲು ಬಿಸಿ ಮರಳಿನಲ್ಲಿ ಎಷ್ಟು ಹೊತ್ತು ಇಡಬೇಕೆಂಬುದನ್ನು ನನ್ನ ಮುಂದೆ ಕೂತು ಕಲಿಯುವವರಿಗೆ ಮಾತ್ರ ಹೇಳುತ್ತೇನೆ.

ನಡುವೆ ಮಾಚಿಕಾಯಿಯ ಬದಲು ಅಡಿಕೆಯ ಚೊಗರಿಗೂ ಅನ್ನಭೇದಿ ಹಾಕಿ ನೋಡಿದೆ. ಹಸಿರು ಛಾಯೆಯ ಮಂಕು ಬಣ್ಣ ಬಂತು. ಅಳಲೆಕಾಯಿ ಅದಕ್ಕಿಂತ ಎಷ್ಟೋ ಮೇಲು.

ಆ ಪುಟದಲ್ಲಿ ನಾನು ಬರೆದದ್ದು ಹಳೆಯ ಇಂಗ್ಲಿಷ್ ಕವಿತೆಗಳ ಸಂಗ್ರಹವಾದ ಹತ್ತನೆಯ ಶತಮಾನದ ಎಕ್ಸೆಟರ್ ಹಸ್ತಪ್ರತಿಯ ಒಂದು ಒಗಟು. ಅದರಲ್ಲಿ ಪುಸ್ತಕವೇ ಮಾತಾಡುತ್ತ, ತನ್ನ ಪ್ರಾಣ ತೆಗೆದದ್ದು, ನೀರಿಗದ್ದಿ ಬಿಸಿಲಿಗಿಟ್ಟದ್ದು, ಕತ್ತಿಯಿಂದ ಕೆರೆದದ್ದು, ಹಕ್ಕಿಯ ಗರಿ ಮರದ ಬಣ್ಣವನ್ನು ನುಂಗಿ ತನ್ನ ಮೇಲೆ ನಡೆದದ್ದು ಎಲ್ಲವನ್ನೂ ವಿವರಿಸುತ್ತದೆ. ಇಷ್ಟು ಸೋತ ಮೇಲೆ ಓದಿದರೆ ಅದು ಒಗಟಿಗಿಂತ ಕೆಲಸದ ಪಟ್ಟಿಯಂತೆಯೇ ಕಾಣುತ್ತದೆ. ಗೋಂದಿನ ಸಂಗತಿಯೊಂದನ್ನು ಮಾತ್ರ ಆ ಕವಿ ಹೇಳಿಲ್ಲ.