ಹಾಲಿನ ಲೋಟದ ಜಗಳಕ್ಕೆ ಒಂದು ಉಪಾಯ
ನಾಲ್ಕು ವರ್ಷದ ಮಗು "ಅಣ್ಣನಿಗೇ ಜಾಸ್ತಿ ಹಾಲು" ಅಂತ ಅಳುತ್ತಿದ್ದರೆ ಹಠ ಅಂತ ಬೈಯಬೇಡಿ. ಉದ್ದ ಲೋಟದಲ್ಲಿ ಹಾಲು ಮೇಲಿನವರೆಗೆ ಕಂಡರೆ ಅದೇ ಜಾಸ್ತಿ ಅಂತ ಆ ವಯಸ್ಸಿಗೆ ನಿಜವಾಗಿಯೂ ಅನಿಸುತ್ತದೆ, ಕಣ್ಣೆದುರೇ ಅಗಲ ಬಟ್ಟಲಿನಿಂದ ಸುರಿದು ತೋರಿಸಿದರೂ ಅಷ್ಟೇ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಮಕ್ಕಳ ಜೊತೆ ಕೂತೇ ಗಮನಿಸಿದ್ದರು. ಲೋಟ ಬದಲಾದರೂ ಹಾಲು ಅಷ್ಟೇ ಇರುತ್ತದೆ ಅಂತ ಸಾಮಾನ್ಯವಾಗಿ 6–7 ವರ್ಷದ ಹೊತ್ತಿಗೆ ತಾನಾಗಿಯೇ ತಿಳಿಯುತ್ತದೆ. ಅಲ್ಲಿಯವರೆಗೆ ಇಬ್ಬರಿಗೂ ಒಂದೇ ಥರದ ಲೋಟ ಕೊಡಿ. ಸ್ನಾನದ ಹೊತ್ತಲ್ಲಿ ಎರಡು ಚೊಂಬು, ಒಂದು ಡಬ್ಬ ಕೊಟ್ಟು ಸುಮ್ನೆ ಬಿಡಿ, ಸುರಿಯಲಿ, ಚೆಲ್ಲಲಿ. ಎಣಿಕೆಯೂ ಹಾಗೇ, ಕೈಯಾರೆ ಮಾಡಿ ಕಲಿಯಬೇಕು. ನೂರರವರೆಗೆ ಬಾಯಿಪಾಠ ಒಪ್ಪಿಸುವುದಕ್ಕಿಂತ ಹುಣಸೆಬೀಜವನ್ನು ಒಂದೊಂದಾಗಿ ಮುಟ್ಟಿ ಐದರವರೆಗೆ ಎಣಿಸುವುದೇ ದೊಡ್ಡ ಕಲಿಕೆ. ಬೀಜ ಬಾಯಿಗೋ ಮೂಗಿಗೋ ಹೋಗದ ಹಾಗೆ ಪಕ್ಕದಲ್ಲೇ ಕೂತಿರಿ.