ಕೊಲೊನೋಸ್ಕೋಪಿ: ಅರ್ಧ ಕೆಲಸ ಮನೆಯಲ್ಲೇ

ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಗೊತ್ತಾದಾಗ 54 ವಯಸ್ಸು. ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕು ಅಂತ ತುಂಬಾ ದಿನ ಅದಕ್ಕೇ ಔಷಧಿ ತಗೊಂಡಿದ್ದರು. ಹಾಗಾಗಿ 40 ತುಂಬಿದ ಕೂಡಲೇ ನಾನು ಹೊಟ್ಟೆ, ಕರುಳು ನೋಡುವ ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋದೆ. ಅವರು ಕೊಲೊನೋಸ್ಕೋಪಿ ಮಾಡಿದರು, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಹೆತ್ತವರಿಗೋ ಒಡಹುಟ್ಟಿದವರಿಗೋ 60ರ ಒಳಗೆ ಈ ಕಾಯಿಲೆ ಬಂದಿದ್ದರೆ ನಾವು 40ಕ್ಕೇ ನೋಡಿಸಿಕೊಳ್ಳಬೇಕು. ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು. ಎರಡರಲ್ಲಿ ಯಾವುದು ಮುಂಚೆಯೋ ಅದು.

ನನಗೆ ಯಾವ ತೊಂದರೆಯೂ ಇರಲಿಲ್ಲ. ನೋಡಿಸಬೇಕಾದದ್ದೇ ಆಗ, ಅಲ್ವಾ? ಈ ಕ್ಯಾನ್ಸರ್ ಹೆಚ್ಚಾಗಿ ಪಾಲಿಪ್ ಅನ್ನುವ ಸಣ್ಣ ಗಂಟಿನಿಂದ ಶುರುವಾಗುತ್ತದೆ. ಅದು ಕ್ಯಾನ್ಸರ್ ಆಗಿ ತಿರುಗೋದಕ್ಕೆ ಸಾಮಾನ್ಯವಾಗಿ 10 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಸಿಕ್ಕರೆ ಅಲ್ಲೇ ತೆಗೆದುಬಿಡುತ್ತಾರೆ.

ಜಾಸ್ತಿ ಕಷ್ಟ ಅಂದರೆ ಕರುಳು ಖಾಲಿ ಮಾಡೋದು. ಮೊದಲೇ ರಾಗಿ ಮುದ್ದೆ, ಸೊಪ್ಪು, ಸೀಬೆಹಣ್ಣು, ಟೊಮೆಟೊ ನಿಲ್ಲಿಸಿದೆ. ಒಗ್ಗರಣೆಗೆ ಸಾಸಿವೆಯೂ ಬೇಡ. ಬೀಜ, ಸಿಪ್ಪೆ ಕರುಳಲ್ಲಿ ಉಳಿದರೆ ಸಣ್ಣ ಪಾಲಿಪ್ ಕಾಣೋದಿಲ್ಲ. ಬಿಳಿ ಅನ್ನ, ಮೊಸರು, ಇಡ್ಲಿ ತಿಂದೆ. ಪರೀಕ್ಷೆಯ ಹಿಂದಿನ ದಿನ ಬರೀ ಸೋಸಿದ ತಿಳಿಸಾರು, ಎಳನೀರು, ನಿಂಬೆ ಷರಬತ್ತು. ಕೆಂಪು ಬಣ್ಣದ್ದು ಏನೂ ಕುಡಿಯಬಾರದು, ಒಳಗೆ ರಕ್ತದ ಹಾಗೆ ಕಾಣುತ್ತದೆ.

ಭೇದಿಯ ಪುಡಿಯನ್ನು 2 ಲೀಟರ್ ನೀರಿಗೆ ಕಲಸಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ರುಚಿ ಉಪ್ಪುಪ್ಪು. ತಣ್ಣಗಿದ್ದರೆ ಇಳಿಯುತ್ತದೆ, ಸ್ಟ್ರಾ ಹಾಕಿ ಹೀರಿದರೆ ಇನ್ನೂ ಸುಲಭ. ಅರ್ಧ ಸಂಜೆ, ಉಳಿದರ್ಧ ನಸುಕಿನಲ್ಲಿ ಕುಡಿದೆ. ಬೆಳಗಿನ ಭಾಗ ಬಿಡಬೇಡಿ, ಕರುಳು ಚೆನ್ನಾಗಿ ತೊಳೆಯೋದು ಅದರಿಂದಲೇ. ಕೊನೆಗೆ ತಿಳಿ ಹಳದಿ ನೀರೇ ಬಂತು. ಅಂದರೆ ಆಯ್ತು. ಪದೇ ಪದೇ ಹೋಗಿ ಚರ್ಮ ಉರಿಯುತ್ತದೆ, ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಬಿಪಿ, ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಮೊದಲೇ ಕೇಳಬೇಕು. ಕಬ್ಬಿಣದ ಮಾತ್ರೆಯಂತೂ ಒಂದು ವಾರ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ಪರೀಕ್ಷೆ ಗೊತ್ತೇ ಆಗಲಿಲ್ಲ, ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರು. ಅವತ್ತು ಗಾಡಿ ಓಡಿಸಬಾರದು, ತಂಗಿ ಜೊತೆಗಿದ್ದಳು. ಒಂದು ಪಾಲಿಪ್ ಸಿಕ್ಕಿತು, ತಂತಿಯ ಕುಣಿಕೆ ಹಾಕಿ ಕತ್ತರಿಸಿದರು. ಬಯಾಪ್ಸಿಯಲ್ಲಿ ಅಡಿನೋಮಾ ಅಂತ ಬಂತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೆ ಆಗಬಹುದಾದ ಜಾತಿ. 5 ವರ್ಷಕ್ಕೆ ಮತ್ತೆ ಬರಲು ಹೇಳಿದ್ದಾರೆ.

ರಿಪೋರ್ಟಿನ ಜೆರಾಕ್ಸ್ ತಂಗಿಗೂ ಕೊಟ್ಟಿದ್ದೇನೆ. ಅವಳಿಗೆ ಈಗ 38. ಅಪ್ಪನ ವಯಸ್ಸು, ನನ್ನ ಪಾಲಿಪ್ ಎರಡನ್ನೂ ಡಾಕ್ಟರಿಗೆ ತೋರಿಸಿ ಯಾವಾಗ ಮಾಡಿಸಬೇಕು ಅಂತ ಕೇಳೋದಕ್ಕೆ ಮುಂದಿನ ವಾರ ಇಬ್ಬರೂ ಹೋಗುತ್ತಿದ್ದೇವೆ.