ನಿಮಿಷಕ್ಕೆ 3000 ಗುಂಡು, ಒಳಗಿರುವುದು ನಾಲ್ಕು ಸೆಕೆಂಡಿಗಾಗುವಷ್ಟು

ಮೇಜಿನ ಮೇಲೆ ಗೊಂಬೆಗಾಡಿ, ದಾಳಗಳಿಂದ ವಾರ್‌ಗೇಮ್ (ಯುದ್ಧದ ಆಟ) ಆಡುವವರು ವಿಮಾನ ಹೊಡೆಯುವ ಕ್ಷಿಪ್ರ ಗನ್ ಹೊತ್ತ ಗಾಡಿಗಳಿಗೆ ನಿಯಮ ಬರೆಯುವಾಗ ಮೊದಲು ನೋಡುವುದು ನಿಮಿಷಕ್ಕೆ ಎಷ್ಟು ಗುಂಡು ಎಂಬುದನ್ನು. 3000 ಎಂದು ಕಂಡರೆ ಹತ್ತು ದಾಳ, 1000 ಎಂದು ಕಂಡರೆ ಮೂರು. ಹೀಗೆ ಬರೆದ ಆಟದಲ್ಲಿ ಪ್ರಯೋಗದ ಹಂತದಲ್ಲೇ ಕೈಬಿಟ್ಟ ಗನ್ನುಗಳೆಲ್ಲ ಗೆಲ್ಲುತ್ತವೆ, ನಿಜವಾಗಿ ಸೇನೆ ಸೇರಿದವು ಸೋಲುತ್ತವೆ. ಯಾವ ಗಾಡಿಯೂ ಒಂದು ನಿಮಿಷ ಬಿಡದೆ ಹೊಡೆಯುವುದಿಲ್ಲ. ಹಾಗಾಗಿ ನಾನು ಆ ಅಂಕಿಯನ್ನು ಬದಿಗಿಟ್ಟು, ಗುಂಡು ತುಂಬಿಡುವ ಮ್ಯಾಗಜೀನಿನಲ್ಲಿ ಎಷ್ಟು ಸೆಕೆಂಡಿನ ಗುಂಡಿದೆ ಎಂಬುದರ ಮೇಲೆ ಇಡೀ ನಿಯಮ ಕಟ್ಟಿದ್ದೇನೆ.

ಲೆಕ್ಕ ಸುಲಭ. ನಿಮಿಷದ ವೇಗವನ್ನು 60ರಿಂದ ಭಾಗಿಸಿ, ಬಂದದ್ದರಿಂದ ಮ್ಯಾಗಜೀನಿನ ಗುಂಡುಗಳನ್ನು ಭಾಗಿಸಿ. ಒಂದು ಸೆಕೆಂಡಿನ ಗುಂಡಿಗೆ ಗುರುತಾಗಿ ಒಂದು ಹುಣಸೆಬೀಜ, ಹೊಡೆದಾಗಲೆಲ್ಲ ಅದನ್ನು ಮೇಜಿನ ಮೇಲಿಡಬೇಕು. ಅಮೆರಿಕದ ಎಂ163, ಅಂದರೆ ಸೈನಿಕರನ್ನು ಸಾಗಿಸುವ ಎಂ113 ಕವಚಗಾಡಿಯ ಮೇಲೆ ಕೂತ ಆರು ನಳಿಗೆಯ 20 ಮಿಮೀ ವಲ್ಕನ್, ಸೆಕೆಂಡಿಗೆ 50 ಗುಂಡು ಹೊಡೆಯುತ್ತದೆ. ಸಿದ್ಧವಾಗಿರುವುದು ಸುಮಾರು 1100, ಆದ್ದರಿಂದ 22 ಬೀಜ. ಸೋವಿಯತ್ ಶಿಲ್ಕಾದಲ್ಲಿ ನಾಲ್ಕು 23 ಮಿಮೀ ಗನ್ ಸೇರಿ ನಿಮಿಷಕ್ಕೆ 3400, ಇರುವುದು 2000, ಬರುವುದು 35 ಬೀಜ. ಜರ್ಮನಿಯ ಗೆಪಾರ್ಡ್‌ನ ಎರಡು 35 ಮಿಮೀ ಗನ್ನುಗಳದ್ದು ಒಟ್ಟು 1100ರ ವೇಗ, ವಿಮಾನಗಳಿಗೆಂದು 640 ಗುಂಡು. ಅದಕ್ಕೂ 35 ಬೀಜವೇ. ವೇಗ ಮೂರನೇ ಒಂದರಷ್ಟು, ತಾಳಿಕೆ ಅಷ್ಟೇ.

ಈಗ ಟಿ249 ವಿಜಿಲಾಂಟೆ ತೆಗೆದುಕೊಳ್ಳಿ. 1950ರ ದಶಕದ ಕೊನೆಯಲ್ಲಿ ಸ್ಪೆರಿ ಕಂಪನಿ ರೂಪಿಸಿದ ಗನ್ ಇದು. ಆರು ನಳಿಗೆ, 37 ಮಿಮೀ, ನಿಮಿಷಕ್ಕೆ 3000, ಎಂ113ರ ತಳವನ್ನೇ ಉದ್ದ ಮಾಡಿದ ಗಾಡಿ. ಕಾಗದದ ಮೇಲೆ ಇದಕ್ಕೆ ಎದುರಿಲ್ಲ. ಆದರೆ ಡ್ರಮ್ಮಿನಲ್ಲಿ 192 ಗುಂಡು, ಅಂದರೆ 3.84 ಸೆಕೆಂಡು. ನಾಲ್ಕು ಬೀಜ, ನಾಲ್ಕನೆಯದು ಅರೆಬರೆ. ಸೇನೆ ಇದನ್ನು ಬಿಟ್ಟು ಮಾಲರ್ ಕ್ಷಿಪಣಿ ಹಿಡಿಯಿತು. 1965ರಲ್ಲಿ ಅದನ್ನೂ ಕೈಬಿಟ್ಟು ಕೊನೆಗೆ ಸಣ್ಣ ಗುಂಡಿನ ವಲ್ಕನ್‌ಗೇ ಬಂದು ನಿಂತಿತು.

ಮೇಜಿನ ಅಳತೆ ಹೀಗೆ: 1/285 ಅಳತೆಯ ಗೊಂಬೆಗಾಡಿಗಳು, ನೆಲದ ಮೇಲೆ 1 ಸೆಂಮೀ ಎಂದರೆ 25 ಮೀಟರ್. ಸೆಕೆಂಡಿಗೆ 250 ಮೀಟರ್ ಹಾರುವ ಜೆಟ್ ವಿಮಾನ ಸೆಕೆಂಡಿಗೆ 10 ಸೆಂಮೀ ಸರಿಯುತ್ತದೆ. ವಲ್ಕನ್ನಿನ ಪರಿಣಾಮಕಾರಿ ದೂರ ವಿಮಾನದ ಮೇಲೆ 1200 ಮೀಟರ್, ಮೇಜಿನ ಮೇಲೆ 48 ಸೆಂಮೀ. ನೇರ ತಲೆಯ ಮೇಲೆ ಹಾದುಹೋಗುವ ವಿಮಾನ ಆ ವೃತ್ತದೊಳಗೆ ಇರುವುದು ಹತ್ತು ಸೆಕೆಂಡಿಗಿಂತ ಕಡಿಮೆ. ಗುಡ್ಡದ ಮರೆಯಿಂದ ಬಂದರೆ ಅದರಲ್ಲಿ ಅರ್ಧ. ಆದ್ದರಿಂದ ವಾಯುದಾಳಿಯ ಸುತ್ತನ್ನು ಒಂದೊಂದು ಸೆಕೆಂಡಿನ ತುಣುಕುಗಳಾಗಿ ಆಡಬೇಕು: ವಿಮಾನ 10 ಸೆಂಮೀ ಸರಿಸಿ, ಹೊಡೆಯುವವನು ಬೀಜ ಇಡುತ್ತಾನೋ ಇಲ್ಲವೋ ಕೇಳಿ, ದಾಳ ಹಾಕಿ, ಮತ್ತೆ 10 ಸೆಂಮೀ. ನೆಲದ ಗಾಡಿಗಳಿಗೆ ಈ ತುಣುಕು ಬೇಡ, ಅವುಗಳ ಸುತ್ತು ಒಂದು ನಿಮಿಷದ್ದೇ ಇರಲಿ.

ಹೊಡೆತಕ್ಕೆ ಎರಡು ಹಂತ ಇಟ್ಟಿದ್ದೇನೆ. ಒಂದೇ ಎಸೆತದಲ್ಲಿ ಮುಗಿಸಬೇಡಿ, ಈ ಗನ್ನುಗಳ ಸ್ವಭಾವವೇ ಅಲ್ಲಿ ಕಳೆದುಹೋಗುತ್ತದೆ. ಕಾರಣ ನೋಡಿ. ಒಂದು ಕಿಲೋಮೀಟರ್ ದೂರದಲ್ಲಿ ಗುಂಡುಗಳು 8 ಮೀಟರ್ ಅಡ್ಡಗಲದ ವೃತ್ತದಲ್ಲಿ ಚದುರುತ್ತವೆ ಎಂದಿಟ್ಟುಕೊಳ್ಳಿ. ವೃತ್ತದ ವಿಸ್ತೀರ್ಣ ಸುಮಾರು 50 ಚದರ ಮೀಟರ್. ಎದುರಿನಿಂದ 5 ಚದರ ಮೀಟರ್ ಕಾಣುವ ವಿಮಾನ ಅದರ ನಡುವಿದ್ದರೆ, 60 ಗುಂಡಿನ ಒಂದು ಬರ್ಸ್ಟ್‌ನಲ್ಲಿ, ಅಂದರೆ ಒಂದೇ ಸಲಕ್ಕೆ ಬಿಡದೆ ಹೊಡೆದದ್ದರಲ್ಲಿ, ಸರಾಸರಿ ಆರು ತಾಗುತ್ತವೆ. ಅದೇ, ಗುರಿಯಿಟ್ಟದ್ದು ವಿಮಾನಕ್ಕಿಂತ 20 ಮೀಟರ್ ಹಿಂದೆ ಬಿದ್ದಿತೋ, ಅರುವತ್ತರಲ್ಲಿ ಒಂದೂ ತಾಗುವುದಿಲ್ಲ. ಆರುನೂರು ಹೊಡೆದರೂ ಅಷ್ಟೇ. ಗುರಿ ತಪ್ಪಿದ್ದಕ್ಕೆ ವೇಗ ಪರಿಹಾರವಲ್ಲ. ವಲ್ಕನ್ ನಳಿಗೆಗಳ ತುದಿಯ ಕ್ಲ್ಯಾಂಪ್ ಬೇಕೆಂದೇ ಗುಂಡುಗಳನ್ನು ಸ್ವಲ್ಪ ಚದುರಿಸುವುದು ಇದಕ್ಕಾಗಿಯೇ. ತೀರಾ ಒತ್ತಾಗಿ ಬೀಳುವ ಗುಂಡುಗಳಿಂದ ವಿಮಾನಕ್ಕೆ ಕೂದಲೂ ಕೊಂಕದಿರಬಹುದು.

ಮೊದಲ ಹಂತ ಗುರಿ. ಎರಡು ದಾಳ ಹಾಕಿ 9 ಅಥವಾ ಹೆಚ್ಚು ಬರಬೇಕು, ಸಾಧ್ಯತೆ 28%. ವಲ್ಕನ್ನಿನ ರೇಡಾರ್ ದೂರವನ್ನಷ್ಟೇ ಅಳೆಯುತ್ತದೆ, ಹಿಂಬಾಲಿಸುವುದು ಗನ್ನರ್‌ನ ಕಣ್ಣು. ಹಾಗಾಗಿ 9. ಶಿಲ್ಕಾ ತಾನೇ ಹುಡುಕಿ ಹಿಂಬಾಲಿಸುವ ರೇಡಾರ್ ಹೊತ್ತಿದೆ, ಆದರೂ ಹಳೆಯ ಅನಲಾಗ್ ಯಂತ್ರಕ್ಕೆ ನಾನು ಹೆಚ್ಚು ಕೊಟ್ಟಿಲ್ಲ, ಅದಕ್ಕೂ 9. ಭಾರತೀಯ ಸೇನೆಗಾಗಿ ಬೆಂಗಳೂರಿನ ಬಿಇಎಲ್ ನವೀಕರಿಸಿದ ಶಿಲ್ಕಾದಲ್ಲಿ ಹೊಸ ರೇಡಾರ್ ಮತ್ತು ಡಿಜಿಟಲ್ ಕಂಪ್ಯೂಟರ್ ಇವೆ. ಅದಕ್ಕೆ 8, ಅಂದರೆ 42%. ಗುಂಡು ಅವೇ, ಗನ್ ಅದೇ. ಈ ಒಂದು ಅಂಕದ ಬೆಲೆ ಆಡಿದಾಗಲೇ ಗೊತ್ತಾಗುವುದು.

ಒಂದೇ ಗುರಿಯ ಮೇಲೆ ಹೊಡೆಯುತ್ತಲೇ ಇದ್ದರೆ ಮೂರನೇ ಸೆಕೆಂಡಿನಿಂದ ಬೇಕಾದ ಅಂಕ ಒಂದು ಇಳಿಯುತ್ತದೆ. ಎರಡನೆಯದರಿಂದ ಯಾಕಲ್ಲ? 20 ಮಿಮೀ ಗುಂಡು ಒಂದು ಕಿಲೋಮೀಟರ್ ತಲುಪಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಉರಿಯುತ್ತ ಹಾರಿ ದಾರಿ ತೋರಿಸುವ ಟ್ರೇಸರ್ ಗುಂಡು ಎಲ್ಲಿ ಹೋಯಿತು ಎಂದು ನೋಡಿ ತಿದ್ದಿಕೊಳ್ಳುವಷ್ಟರಲ್ಲಿ ಎರಡು ಬೀಜ ಹೋಗಿರುತ್ತವೆ. ವಿಜಿಲಾಂಟೆಯ ಕಷ್ಟ ಇಲ್ಲಿ ಸರಿಯಾಗಿ ಕಾಣುತ್ತದೆ: ಕೈ ಕುದುರುವ ಹೊತ್ತಿಗೆ ನಾಲ್ಕರಲ್ಲಿ ಎರಡೇ ಉಳಿದಿರುತ್ತವೆ.

ಎರಡನೇ ಹಂತ ತಾಗುವಿಕೆ. ದೂರ ಎರಡು ಪಟ್ಟಾದರೆ ಚದುರುವ ವಿಸ್ತೀರ್ಣ ನಾಲ್ಕು ಪಟ್ಟು, ದಾಳಗಳು ಕಾಲುಭಾಗ. 24 ಸೆಂಮೀ ಒಳಗೆ 4 ದಾಳ, 48ರ ಒಳಗೆ 1. ತೀರಾ ಹತ್ತಿರ, 12ರ ಒಳಗೆ, ಲೆಕ್ಕದ ಪ್ರಕಾರ 16 ಬರಬೇಕು. ನಾನು 6ಕ್ಕೆ ನಿಲ್ಲಿಸಿದ್ದೇನೆ, ಸತ್ತ ವಿಮಾನವನ್ನು ಮತ್ತೆ ಸಾಯಿಸಲು ದಾಳ ಎಣಿಸುತ್ತ ಕೂರುವುದು ಬೇಸರ. 20 ಮಿಮೀಗೆ ಪ್ರತಿ ದಾಳದಲ್ಲೂ 5 ಅಥವಾ 6 ಬಂದರೆ ಹಾನಿ, 23ಕ್ಕೆ 4ರಿಂದ ಮೇಲೆ. 35 ಮತ್ತು 37ಕ್ಕೆ 3ರಿಂದ ಮೇಲೆ, ಆದರೆ ಗೆಪಾರ್ಡ್‌ಗೆ ವೇಗ ಕಡಿಮೆಯಾದ್ದರಿಂದ ದಾಳಗಳು ಅರ್ಧ, ಒಂದಕ್ಕಿಂತ ಕಡಿಮೆಯಂತೂ ಬೇಡ.

ತೊಂದರೆಗಳಿಗೂ ಗನ್ನಿನ ಜಾತಿಗೆ ತಕ್ಕ ನಿಯಮ ಬೇಕು. ಎಲ್ಲಕ್ಕೂ ಒಂದೇ ‘ಜಾಮ್’ ಕಾರ್ಡ್ ಇಡುವುದು ಸೋಮಾರಿತನ. ವಲ್ಕನ್ ಸುತ್ತುವುದು ಮೋಟಾರಿನ ಬಲದಿಂದ. ಸಿಡಿಯದ ಗುಂಡು ಬಂದರೂ ಅದನ್ನು ಹೊರಗೆಸೆದು ಮುಂದಕ್ಕೆ ಹೋಗುತ್ತದೆ, ಆದರೆ ವಿದ್ಯುತ್ ನಿಂತರೆ ಗನ್ ಕಬ್ಬಿಣದ ತುಂಡು. ಜೊತೆಗೆ ಒತ್ತಿದ ಕೂಡಲೇ ಪೂರ್ತಿ ವೇಗ ಬರುವುದಿಲ್ಲ, ಅದಕ್ಕೆ ಪ್ರತಿ ಬರ್ಸ್ಟ್‌ನ ಮೊದಲ ಬೀಜಕ್ಕೆ ಒಂದು ದಾಳ ಕಡಿಮೆ. ಒಂದೇ ದಾಳವಿದ್ದರೆ ಅದು ಹಾಗೇ ಉಳಿಯಲಿ. ಶಿಲ್ಕಾದ ಗನ್ನುಗಳು ತಮ್ಮದೇ ಅನಿಲದ ಒತ್ತಡದಿಂದ ಓಡುತ್ತವೆ. ಕೆಟ್ಟ ಗುಂಡು ಸಿಕ್ಕರೆ ಆ ಒಂದು ನಳಿಗೆ ನಿಲ್ಲುತ್ತದೆ, ಉಳಿದ ಮೂರು ಓಡುತ್ತವೆ. ಅದರ ನಿಜವಾದ ಶತ್ರು ಬಿಸಿ. ನಳಿಗೆಗೆ ನೀರಿನ ತಂಪು ಇದ್ದರೂ ಉದ್ದುದ್ದ ಹೊಡೆತ ತಾಳದು. ಬಿಡುವಿಲ್ಲದೆ ಎಂಟು ಬೀಜ ಮೀರಿದರೆ ಹತ್ತು ತುಣುಕು ಸುಮ್ಮನಿರಲಿ ಎಂದು ನಿಯಮ ಮಾಡಿದ್ದೇನೆ. ಇದು ಬಂದ ಮೇಲೆ ಆಟಗಾರರು ತಾವಾಗಿಯೇ ಚಿಕ್ಕ ಬರ್ಸ್ಟ್ ಹೊಡೆಯತೊಡಗುತ್ತಾರೆ. ಎಂ163ಕ್ಕೆ 10, 30, 60, 100 ಗುಂಡಿನ ಮಿತಿಯ ಸ್ವಿಚ್ ಇಟ್ಟಿದ್ದು ಯಾಕೆಂದು ಆಗ ಯಾರಿಗೂ ವಿವರಿಸಬೇಕಿಲ್ಲ.

ಇನ್ನು ನೆಲದ ಗುರಿಗಳು. ಈ ಗಾಡಿಗಳು ಯುದ್ಧದಲ್ಲಿ ಹೆಚ್ಚು ದುಡಿದದ್ದು ಇಲ್ಲೇ, ಅದೂ ನಿಧಾನದ ವೇಗದಲ್ಲಿ. ವಲ್ಕನ್‌ಗೆ ನೆಲಕ್ಕೆಂದೇ ನಿಮಿಷಕ್ಕೆ 1000ದ ವೇಗವಿದೆ. ಅದೇ 1100 ಗುಂಡು ಆಗ 66 ಸೆಕೆಂಡು ಬರುತ್ತದೆ. ವಿಜಿಲಾಂಟೆಯದು ನೆಲಕ್ಕೆ ಬರೀ 120, ಸೆಕೆಂಡಿಗೆ ಎರಡು. 192 ಗುಂಡು 96 ಸೆಕೆಂಡು! ಆಟದಲ್ಲಿ ಈ ಗಾಡಿಗೆ ಮರ್ಯಾದೆ ಬರುವುದು ಈ ವೇಗದಲ್ಲಿ ಮಾತ್ರ. ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿ ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡಿತು. ಎದುರಾಳಿಗೆ ವಿಮಾನವೇ ಇಲ್ಲದ ಮೇಲೆ ರೇಡಾರ್ ಯಾಕೆಂದು ಶಿಲ್ಕಾದಿಂದ ಅದನ್ನು ಕಿತ್ತು, ಆ ಜಾಗದಲ್ಲಿ ಗುಂಡು ತುಂಬಿ 4000ಕ್ಕೆ ಏರಿಸಿತು. ಟ್ಯಾಂಕಿನ ಗನ್ ಏಳದಷ್ಟು ಮೇಲಕ್ಕೆ, 85 ಡಿಗ್ರಿಯವರೆಗೆ, ಶಿಲ್ಕಾದ ನಳಿಗೆ ಏಳುತ್ತದೆ. ಕಣಿವೆಯಲ್ಲಿ ವಾಹನಸಾಲು ಹೋಗುವಾಗ ಮೇಲಿನ ಬಂಡೆಗಳ ನಡುವಿನಿಂದ ಹೊಡೆಯುವವರನ್ನು ಅಡಗಿಸಲು ಅದೇ ಬೇಕಿದ್ದದ್ದು. ಮೇಜಿನ ಮೇಲೆ ಗುಡ್ಡ ಅಥವಾ ನಾಲ್ಕಂತಸ್ತಿನ ಕಟ್ಟಡ ಇಟ್ಟು, ಟ್ಯಾಂಕಿಗೆ 15 ಸೆಂಮೀ ಒಳಗಿನ ಎತ್ತರದ ಗುರಿ ನಿಷೇಧಿಸಿ, ಶಿಲ್ಕಾಗೆ ಬಿಡಿ. ಕೊಲ್ಲುವ ಲೆಕ್ಕ ಬೇಡ, ಬೀಜಕ್ಕೊಂದು ಕಾಲಾಳು ಗುಂಪು ತಲೆ ತಗ್ಗಿಸುವಂತೆ ಮಾಡಿದರೆ ಸಾಕು. ಆದರೆ ಕವಚ ತೆಳು, ಗುಂಡು ತಡೆಯುತ್ತದೆ ಅಷ್ಟೇ. ಹೆಗಲ ಮೇಲಿಂದ ಹೊಡೆಯುವ ಆರ್‌ಪಿಜಿ ರಾಕೆಟ್ ಬಿದ್ದರೆ ಗಾಡಿ ಹೋಯಿತು. ಅದನ್ನು ಸಾಲಿನ ತಲೆಯಲ್ಲಿಟ್ಟವರು ಎರಡು ಸುತ್ತಿನಲ್ಲಿ ಕಳೆದುಕೊಳ್ಳುತ್ತಾರೆ.

ಮೆಟಲ್ ಸ್ಟಾರ್ಮ್ ಹಾಕಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಸ್ಟ್ರೇಲಿಯಾದ ಮೈಕ್ ಓಡ್ವೈರ್ ಅವರ ಈ ಪ್ರಯೋಗದಲ್ಲಿ ನಳಿಗೆಯೊಳಗೇ ಗುಂಡುಗಳನ್ನು ಒಂದರ ಹಿಂದೊಂದು ಜೋಡಿಸಿ ವಿದ್ಯುತ್ತಿನಿಂದ ಹೊತ್ತಿಸುತ್ತಿದ್ದರು. 36 ನಳಿಗೆಯ ಮಾದರಿ ನಿಮಿಷಕ್ಕೆ ಹತ್ತು ಲಕ್ಷ ಗುಂಡಿನ ವೇಗ ತೋರಿಸಿತು. ನಿಜವಾಗಿ ಹೊಡೆದದ್ದು 180, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಮುಗಿಯಿತು, ಇನ್ನು ನಳಿಗೆಗಳನ್ನೇ ತುಂಬಿ ತರಬೇಕು. ಬೀಜದ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ. ಒಂದೇ ಸಲ ಬಳಸುವ ಕಾರ್ಡ್ ಮಾಡಿ: 12 ಸೆಂಮೀ ಒಳಗೆ, ಗಾಡಿಯ ಕಡೆಗೇ ಬರುತ್ತಿರುವ ಒಂದು ಕ್ಷಿಪಣಿಯ ಮೇಲೆ ಮಾತ್ರ.

ಡ್ರೋನ್ ಬಂದ ಮೇಲೆ ಪಟ್ಟಿಗೆ ಒಂದು ಸಾಲು ಸೇರಿಸಬೇಕಾಯಿತು. ಸೆಕೆಂಡಿಗೆ 50 ಮೀಟರ್ ಹಾರುವ ಡ್ರೋನ್ ಮೇಜಿನ ಮೇಲೆ 2 ಸೆಂಮೀ ಅಷ್ಟೇ ಸರಿಯುತ್ತದೆ, ಗನ್ನಿನ ಪರಿಣಾಮಕಾರಿ ದೂರದ ವೃತ್ತದೊಳಗೆ 48 ಸೆಕೆಂಡು ಸಿಗುತ್ತದೆ, ಗುರಿಗೆ ಬೇಕಾದ ಅಂಕ 7 ಸಾಕು. ಆದರೆ ಅರ್ಧ ಚದರ ಮೀಟರಿನ ಚಿಕ್ಕ ಡ್ರೋನ್ ಆದರೆ ಅದೇ 60 ಗುಂಡಿನಲ್ಲಿ ಸರಾಸರಿ ಒಂದೂ ತಾಗದು. ಇಲ್ಲಿ ಗೆಲ್ಲುವುದು ನಿಧಾನದ 35 ಮಿಮೀ. ಅದರ ಅಹೆಡ್ ಗುಂಡು ನಳಿಗೆ ಬಿಡುವಾಗಲೇ ಸಮಯ ಬರೆಸಿಕೊಂಡು, ಗುರಿಯ ಮುಂದೆ ಒಡೆದು 152 ಟಂಗ್‌ಸ್ಟನ್ ತುಣುಕು ಚೆಲ್ಲುತ್ತದೆ. ಚಿಕ್ಕ ಡ್ರೋನಿನ ಮೇಲೆ ಸಾಮಾನ್ಯ ಗುಂಡಿಗೆ ಒಂದೇ ದಾಳ, ಅದೂ 6 ಬಂದರೆ ಮಾತ್ರ ಹಾನಿ. ಅಹೆಡ್ ಇದ್ದರೆ 4 ದಾಳ, 3ರಿಂದ ಮೇಲೆ.

ಊರಿನ ಮೇಲೆ ಹೊಡೆಯುವಾಗ ತಾಗದ ಗುಂಡೆಲ್ಲ ಎಲ್ಲೋ ಬೀಳಲೇಬೇಕು. ಪಟ್ಟಣದ ಚೌಕದ ಮೇಲಿಟ್ಟ ಪ್ರತಿ ಬೀಜಕ್ಕೂ ಹೊಡೆದವನ ಒಂದು ಅಂಕ ಕಳೆಯಿರಿ. ಅಮೆರಿಕದವರು ಹಡಗಿನ ಫಾಲಾಂಕ್ಸ್ ಗನ್ನನ್ನು ಟ್ರೇಲರ್‌ಗೆ ಏರಿಸಿ ಇರಾಕ್‌ನಲ್ಲಿ ಮೋರ್ಟಾರ್ ಹೊಡೆತಗಳ ಎದುರು ನಿಲ್ಲಿಸಿದಾಗ, ಗಾಳಿಯಲ್ಲೇ ತಾನಾಗಿ ಸಿಡಿದು ಹೋಗುವ ಗುಂಡು ತುಂಬಿದ್ದರು. ಆ ಗುಂಡು ಇರುವ ಗಾಡಿಗೆ ಈ ದಂಡ ಇಲ್ಲ.